ಆರು ಪೈಸೆಯ ಅರಮನೆ

ಪೇಪರನ್ನು ಮನೆಗೆ ತರಿಸಿಕೊಂಡು ಓದುವವರಿಗೆ ಪೇಪರ್ ಓದುವ ಸುಖದಲ್ಲಿ ಅರ್ಧಪಾಲು ಗೊತ್ತೇ ಇಲ್ಲ ಅನ್ನುವುದು ನನ್ನ ವಾದ. ಉಳಿದರ್ಧ ಬೇಕೆಂದರೆ ಯಾವುದಾದರೂ ಊರಿನ ಸಾರ್ವಜನಿಕ ಗ್ರಂಥಾಲಯದ ಉದ್ದನೆಯ ಮೇಜಿಗೆ ಬೆಳಿಗ್ಗೆ ಬೆಳಿಗ್ಗೆಯೇ ಹೋಗಿ ಕೂರಬೇಕು. ಅಲ್ಲಿ ಪ್ರಜಾವಾಣಿಯೋ ಉದಯವಾಣಿಯೋ ಇಡಿಯಾಗಿ ಇರುವುದು ಬಾಗಿಲು ತೆಗೆದ ಮೊದಲ ಐದು ನಿಮಿಷ ಮಾತ್ರ. ಆಮೇಲೆ ಅಣ್ಣತಮ್ಮಂದಿರ ಆಸ್ತಿಯ ಹಾಗೆ ಪಾಲಾಗಿಬಿಡುತ್ತದೆ. ಮುಖಪುಟ ನಿವೃತ್ತ ಮೇಷ್ಟ್ರಿಗೆ, ಕ್ರೀಡಾಪುಟ ಪಿಯುಸಿ ಹುಡುಗನಿಗೆ, ಚಿನ್ನ ಬೆಳ್ಳಿ ದರ ಹಾಕಿರುವ ಹಾಳೆ ಮಗಳ ಮದುವೆ ಗೊತ್ತುಮಾಡಿದ ತಂದೆಗೆ. ಸಂಪಾದಕೀಯದ ಪುಟಕ್ಕೆ ಮಾತ್ರ ವಾರಸುದಾರರು ಕಡಿಮೆ. ಅದು ಫ್ಯಾನಿನ ಗಾಳಿಗೆ ಹಾರಿ ಯಾರ ಕಾಲ ಬುಡದಲ್ಲೋ ಬಿದ್ದಿರುತ್ತದೆ.

ಆ ಮೇಜಿಗೆ ತನ್ನದೇ ಕಾನೂನುಗಳಿವೆ. ಒಂದು ಪೇಪರ್ ಓದುತ್ತ, ಇನ್ನೊಂದರ ಮೇಲೆ ಮೊಣಕೈ ಊರಿ, ಮೂರನೆಯದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಹಿರಿಯರೊಬ್ಬರು ಪ್ರತಿ ಊರಲ್ಲೂ ಇದ್ದೇ ಇರುತ್ತಾರೆ. ಅವರ ಹತ್ತಿರ ಕೇಳಬಾರದು. ಎದುರಿಗೆ ಕೂತು ಅವರ ಮೊಣಕೈಯನ್ನೇ ನೋಡುತ್ತಿದ್ದರೆ ಕಾಲು ಗಂಟೆಗೆ ತಾವಾಗಿಯೇ ಜಾರಿಸುತ್ತಾರೆ. ಶ್ರದ್ಧಾಂಜಲಿ ಪುಟ ನೋಡಲೆಂದೇ ಬರುವವರು ಇನ್ನೊಬ್ಬರು. ಪರಿಚಯದ ಮುಖ ಸಿಕ್ಕಿತೋ, "ಅಯ್ಯೋ, ನನಗಿಂತ ಚಿಕ್ಕೋನು ಕಣ್ರೀ" ಎಂದು ಇಡೀ ಮೇಜಿಗೆ ಕೇಳಿಸುವ ಹಾಗೆ ಹೇಳಿ, ಹೊಸ ಹುಮ್ಮಸ್ಸಿನಿಂದ ಮನೆಗೆ ನಡೆಯುತ್ತಾರೆ. ಇನ್ನು ಪದಬಂಧದ ಅಪರಾಧಿ. ಈತನನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೆ ಎಲ್ಲರಿಗಿಂತ ಮೊದಲು ಬಂದು, ಬಾಲ್ ಪೆನ್ನಿನಲ್ಲಿ, ಅಳಿಸಲಾರದಂತೆ, ತಪ್ಪು ಉತ್ತರ ತುಂಬಿ ಹೋಗಿರುತ್ತಾನೆ.

ಊರೂರಿನ ಲೈಬ್ರರಿ ನೋಡುವುದು ನನಗೆ ಹಿಡಿದ ಚಟ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅನ್ನುತ್ತಾರಲ್ಲ, ನಾನು ಊರಿಗೆ ಬಂದೆನೆಂದರೆ ಲೈಬ್ರರಿಗೂ ಬಂದೆನೆಂದೇ ಲೆಕ್ಕ. ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಇಲ್ಲಿ ಲೈಬ್ರರಿ ಎಲ್ಲಪ್ಪಾ?" ಎಂದು ಕೇಳಿದರೆ ಆಟೋದವರು ನನ್ನ ನರೆಗೂದಲಿನಿಂದ ಚಪ್ಪಲಿಯವರೆಗೆ ಒಂದು ಸಲ ನೋಡಿ, "ಯಾವ ಎಕ್ಸಾಮು ಸಾರ್?" ಎಂದು ಮರುಕದಿಂದ ವಿಚಾರಿಸುತ್ತಾರೆ. ನನ್ನ ಹೆಂಡತಿಯಲ್ಲಿ ಆ ಮರುಕವೂ ಉಳಿದಿಲ್ಲ. "ರೀ, ಮನೇಲಿರೋ ಪುಸ್ತಕದ ಧೂಳು ಹೊಡೀರಿ ಅಂದ್ರೆ ಸೊಂಟನೋವು. ಊರೂರಿನ ಧೂಳು ಕುಡಿಯೋಕೆ ಮಾತ್ರ ಹುರುಪೋ ಹುರುಪು" ಎನ್ನುತ್ತಾಳೆ. ಅವಳು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಬರುವಷ್ಟರಲ್ಲಿ ನಾನು ಕಪಾಟುಗಳಿಗೆ ಒಂದು ಪ್ರದಕ್ಷಿಣೆ ಹಾಕಿ ಬರುತ್ತೇನೆ. ಪುಣ್ಯದ ಲೆಕ್ಕ ಅವಳಿಗೆ, ಧೂಳಿನ ಲೆಕ್ಕ ನನಗೆ.

ಏನು ಸುಖ ಅಲ್ಲಿ, ಎಂದು ಕೇಳುತ್ತೀರಿ. ಕೂರುವ ಸುಖ ಸ್ವಾಮಿ! ಪುಕ್ಕಟೆ ಕೂರುವ ಸುಖ. ಈ ಕಾಲದ ಪಟ್ಟಣದಲ್ಲಿ ಕೈಯಿಂದ ಕಾಸು ಬಿಚ್ಚದೆ ಎರಡು ಗಂಟೆ ಕೂತು ತೋರಿಸಿ ನೋಡೋಣ. ದರ್ಶಿನಿಯಲ್ಲಿ ಕುರ್ಚಿಯೇ ಇರುವುದಿಲ್ಲ, ಕುದುರೆಯ ಹಾಗೆ ನಿಂತೇ ತಿನ್ನಬೇಕು. ಕೂರಿಸುವ ಹೋಟೆಲಿನಲ್ಲಿ ಬೈಟು ಕಾಫಿಯ ಕೊನೆಯ ಗುಟುಕಿಗೆ ಮೊದಲೇ ಬಿಲ್ಲು ಬಂದು ಸಾಸರಿನ ಕೆಳಗೆ ಸೇರಿರುತ್ತದೆ. ಪಾರ್ಕಿಗೆ ಹೋದರೆ ಬಿಸಿಲೇರಿದ ಮೇಲೆ ಕಾವಲುಗಾರ ಸೀಟಿ ಊದಿ ಗೇಟಿಗೆ ಬೀಗ ಹಾಕುತ್ತಾನೆ. ದೊಡ್ಡ ದೇವಸ್ಥಾನದಲ್ಲಿ ದೇವರೇ ಸುಮ್ಮನಿದ್ದರೂ ಪಕ್ಕದಲ್ಲಿ ನಿಂತವರು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ತಳ್ಳುತ್ತಾರೆ. ಲೈಬ್ರರಿಯಲ್ಲಿ ಮಾತ್ರ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಯಾಕೆ ಬಂದಿರಿ, ಏನು ಬೇಕು, ಎಷ್ಟು ಹೊತ್ತು ಇರುತ್ತೀರಿ, ಜಾತಿ ಯಾವುದು, ಕೆಲಸ ಏನು, ಊಹೂಂ. ಬಾಗಿಲಲ್ಲಿ ಒಂದು ರಿಜಿಸ್ಟರು, ಅದರಲ್ಲೊಂದು ಸಹಿ. ಮುಗಿಯಿತು, ಆ ಕುರ್ಚಿ ಸಂಜೆಯವರೆಗೂ ನಿಮ್ಮದೇ.

ಕುರ್ಚಿಗೆ ಸೂರು ಬೇಕಲ್ಲ, ಸೂರಿನಲ್ಲಿ ಕಬ್ಬನ್ ಪಾರ್ಕಿನದನ್ನು ಮೀರಿಸಿದ್ದು ನಾನು ಕಂಡಿಲ್ಲ. ಗುಲಾಬಿ ತೋಟದ ಹಿಂದೆ ನಿಂತ ಆ ಕೆಂಪು ಕಟ್ಟಡದ ಮುಂದೆ ಫೋಟೋ ತೆಗೆಸಿಕೊಂಡವರು ಬೆಂಗಳೂರಿನಲ್ಲಿ ಅಸಂಖ್ಯ. ಮದುವೆಗೆ ಮುಂಚಿನ ಜೋಡಿಗಳಂತೂ ಅದರ ಕಂಬಗಳನ್ನು ಒಬ್ಬರನ್ನೊಬ್ಬರು ತಬ್ಬಿಕೊಂಡಷ್ಟೇ ಪ್ರೀತಿಯಿಂದ ತಬ್ಬಿಕೊಂಡು ನಿಲ್ಲುತ್ತಾರೆ. ಒಳಗೇನಿದೆ ಅಂತ ಕೇಳಿ ನೋಡಿ. "ಹೈಕೋರ್ಟ್ ಅಲ್ವಾ ಅಂಕಲ್?" ಅನ್ನುತ್ತಾರೆ. ಅಲ್ಲಮ್ಮಾ, ಹೈಕೋರ್ಟಿಗೆ ಮದುವೆಯಾದ ಮೇಲೆ ಹೋದರಾಯಿತು. ಇದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ರಾಜ್ಯ ಕೇಂದ್ರ ಗ್ರಂಥಾಲಯ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಮುಂದುಗಡೆ ಪ್ರತಿಮೆಯಾಗಿ ನಿಂತಿದ್ದಾರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಎದ್ದ ಕಟ್ಟಡವಿದು. ಎತ್ತರದ ಚಾವಣಿ, ದಪ್ಪ ಗೋಡೆ, ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ತಂಪು. ಶಿವನಸಮುದ್ರದಿಂದ ಕರೆಂಟು ತರುವ ಯೋಜನೆಗೆ ಕೈಹಾಕಿದವರೂ ಇದೇ ಶೇಷಾದ್ರಿ ಅಯ್ಯರ್. ಹಾಗಾಗಿ ಅಲ್ಲಿನ ಫ್ಯಾನು ಕಿರುಗುಟ್ಟಿದರೂ ನಾನು ಬೇಸರಪಡುವುದಿಲ್ಲ. ಆ ಗಾಳಿಗೊಂದು ವಂಶಾವಳಿ ಇದೆ.

ಇಂಥ ಕಡೆ ಕೂತಾಗ ನನಗೆ ನೆನಪಾಗುವವರು ಎಸ್.ಆರ್. ರಂಗನಾಥನ್. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ದೇಶವೇ ಕರೆಯುವ ಈ ಪುಣ್ಯಾತ್ಮರು ಮೂಲತಃ ಲೆಕ್ಕದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಹೋದವರು, ಸ್ವಲ್ಪ ದಿನಕ್ಕೇ "ಇಲ್ಲಿ ಮಾಡಲು ಕೆಲಸವೇ ಇಲ್ಲ, ಬೇಜಾರು, ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ" ಎಂದು ಕಾಲೇಜಿಗೆ ಓಡಿ ಬಂದಿದ್ದರಂತೆ. ಒಮ್ಮೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯ ನೋಡಿ ಬನ್ನಿ, ಆಮೇಲೂ ಬೇಡವಾದರೆ ಬಿಡಿ ಎಂದು ಸಮಾಧಾನ ಹೇಳಿ ಕಳಿಸಿದರು. ಹೋದವರು ನೋಡಿದ್ದೇ ನೋಡಿದ್ದು, ಆ ಗುಂಗಿನಿಂದ ಜೀವಮಾನ ಪೂರ್ತಿ ಹೊರಬರಲಿಲ್ಲ. ಲೈಬ್ರರಿ ನೋಡುವ ಚಟ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಇದನ್ನೇ ದಾಖಲೆಯಾಗಿ ನನ್ನ ಹೆಂಡತಿಯ ಮುಂದೆ ಇಟ್ಟಿದ್ದೇನೆ. "ಅವರು ನೋಡಿ ಬಂದು ಕೆಲಸ ಮಾಡಿದ್ರು, ನೀವು ನೋಡಿ ಬಂದು ಮಲಗ್ತೀರಿ" ಅಂದಳು. ಇರಲಿ. ರಂಗನಾಥನ್ ಕೊನೆಗೆ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ಪ್ರಪಂಚದ ಗ್ರಂಥಪಾಲರೆಲ್ಲ ಅವನ್ನು ಇವತ್ತಿಗೂ ಕಲಿಯುತ್ತಾರೆ. ಅದರಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕು ಅನ್ನುತ್ತದೆ. ಇಲ್ಲೇ ನೋಡಿ, ಮಹಾನುಭಾವರಿಗೆ ನಮ್ಮ ಓದುಗನ ಅಂದಾಜು ತಪ್ಪಿದ್ದು. ನಮ್ಮ ಓದುಗ ಲೈಬ್ರರಿಗೆ ಬರುವುದೇ ಸಮಯ ಕಳೆಯಲಿಕ್ಕೆ! ಅವನ ಸಮಯ ಉಳಿಸಿ ಕೈಗೆ ಕೊಟ್ಟರೆ ಪಾಪ, ಅದನ್ನೆಲ್ಲಿ ತೆಗೆದುಕೊಂಡು ಹೋಗಬೇಕು? ಮನೆಗೆ ಹೋದರೆ ಗ್ಯಾಸ್ ಬುಕ್ ಮಾಡಿ, ಮೊಮ್ಮಗನನ್ನು ಟ್ಯೂಷನ್ನಿಗೆ ಬಿಟ್ಟು ಬನ್ನಿ ಅನ್ನುತ್ತಾರೆ.

ಮೂರನೆಯ ಸೂತ್ರದ ಪ್ರಕಾರ ಪ್ರತಿ ಪುಸ್ತಕಕ್ಕೂ ಅದರದ್ದೇ ಆದ ಓದುಗನಿರುತ್ತಾನೆ. ಇದಕ್ಕೆ ಮೈಸೂರಿನಷ್ಟು ದೊಡ್ಡ ಸಾಕ್ಷಿ ಬೇರೆಲ್ಲೂ ಸಿಗದು. 1891ರಲ್ಲಿ ಶುರುವಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ಓದಿದರೆ, ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಉಳಿದು ಗ್ರಂಥವೇ ಕಳೆದುಹೋಯಿತೆಂದು ವಿದ್ವಾಂಸರು ಕೈಚೆಲ್ಲಿ ಕೂತಿದ್ದ ಪುಸ್ತಕ. 1909ರಲ್ಲಿ ಅಚ್ಚಾಗಿ ಹೊರಬಂತು. ಶತಮಾನಗಟ್ಟಲೆ ಕಾದಿದ್ದ ಆ ಪುಸ್ತಕಕ್ಕೆ ಸಿಕ್ಕಿದ ಓದುಗ ಲೈಬ್ರರಿಯ ನೌಕರ. ಹಾಗಾಗಿ ಕೌಂಟರಿನ ಹಿಂದೆ ಕೂತವರು ಟೀ ಕುಡಿಯುತ್ತ ಏನನ್ನಾದರೂ ಓದುತ್ತಿದ್ದರೆ "ಸರ್ಕಾರಿ ಸಂಬಳ ತಗೊಂಡು ಓದ್ಕೊಂಡು ಕೂತವ್ರೆ" ಎಂದು ಗೊಣಗಬೇಡಿ. ಏನು ಓದುತ್ತಿದ್ದಾರೋ ಯಾರು ಕಂಡವರು.

ಕೌಂಟರಿನವರ ಮಾತು ಬಂತು. ಪುಸ್ತಕ ಜೋಡಿಸಲು ಡ್ಯೂಯಿ ಎಂಬಾತ ಮಾಡಿದ ದಶಾಂಶ ಪದ್ಧತಿ ಇದೆ. ಅದರಲ್ಲಿ ಕನ್ನಡ ಸಾಹಿತ್ಯದ ಮನೆ ನಂಬರು 894.814. ಪಂಪನಿಂದ ಸಾಯಿಸುತೆಯವರೆಗೆ ಎಲ್ಲರೂ ಒಂದೇ ವಠಾರದವರು. ವಿಮರ್ಶಕರು ಏನೇ ಮೇಲು ಕೀಳು ಮಾಡಲಿ, ಲೈಬ್ರರಿ ಮಾತ್ರ ಎಲ್ಲರಿಗೂ ಒಂದೇ ವಿಳಾಸ ಕೊಟ್ಟುಬಿಟ್ಟಿದೆ. ಆದರೆ ಈ ನಂಬರು ಹಿಡಿದು ಪುಸ್ತಕ ಹುಡುಕಿದ ಕನ್ನಡಿಗನನ್ನು ನಾನಂತೂ ಕಂಡಿಲ್ಲ. ನಮ್ಮ ಪದ್ಧತಿಯೇ ಬೇರೆ. "ಸಾರ್, ಆ ಹಸಿರು ರಟ್ಟಿಂದು, ಅದರಲ್ಲಿ ಕೊನೇಲಿ ಅತ್ತೆ ಸಾಯ್ತಾಳಲ್ಲ, ಅದು" ಅಂದರೆ, ಹಳೆಯ ನೌಕರರು ತಲೆಯೆತ್ತದೆ "ಒಳಗಡೆ ಎರಡನೇ ರ‍್ಯಾಕು, ಕೆಳಗಿನ ಸಾಲು" ಅನ್ನುತ್ತಾರೆ. ಯಾವ ಕಂಪ್ಯೂಟರಿಗೂ ಅತ್ತೆ ಸತ್ತದ್ದು ಗೊತ್ತಿರುವುದಿಲ್ಲ.

ಈಗಿನ ಲೈಬ್ರರಿಯಲ್ಲಿ ನಿಜವಾಗಿ ಬಿಡಾರ ಹೂಡಿರುವವರು ಬೇರೆಯೇ. ಬೆಂಗಳೂರಿನ ವಿಜಯನಗರದ ಕಡೆ ಹಂಪಿನಗರದ ಗ್ರಂಥಾಲಯಕ್ಕೆ ಒಂದು ಸಲ ಹೋಗಿ ನೋಡಿ. ಬಾಗಿಲು ತೆರೆಯುವ ಮೊದಲೇ ಹುಡುಗ ಹುಡುಗಿಯರು ಬೆನ್ನಿಗೆ ಬ್ಯಾಗು ಹಾಕಿಕೊಂಡು ಸರದಿಯಲ್ಲಿರುತ್ತಾರೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ. ರಾಯಚೂರು, ಕಲಬುರಗಿ, ವಿಜಯಪುರ, ಚಾಮರಾಜನಗರ, ಎಲ್ಲ ಜಿಲ್ಲೆಯ ಕನ್ನಡವೂ ಒಂದೇ ಸರದಿಯಲ್ಲಿ ಕೇಳಿಸುತ್ತದೆ. ಬಾಗಿಲು ತೆಗೆದ ಕೂಡಲೇ ಕುರ್ಚಿಗಳ ಮೇಲೆ ಕರ್ಚೀಫು ಬೀಳುತ್ತವೆ. ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ನಾಡಿನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆಮೇಲೆ ನೀರಿನ ಬಾಟಲಿ, ಸಾಮಾನ್ಯ ಜ್ಞಾನದ ದಪ್ಪ ಗೈಡು, ಬಣ್ಣಬಣ್ಣದ ಹೈಲೈಟರು. ಮಧ್ಯಾಹ್ನಕ್ಕೆ ಕಟ್ಟಿ ತಂದ ಚಿತ್ರಾನ್ನ.

ಕೆಲವು ಸಾಹಿತಿಗಳಿಗೆ ಇವರನ್ನು ಕಂಡರೆ ಕಿರಿಕಿರಿ. "ಲೈಬ್ರರಿಗೆ ಬಂದು ಲೈಬ್ರರಿಯ ಒಂದು ಪುಸ್ತಕವನ್ನೂ ಮುಟ್ಟುವುದಿಲ್ಲ, ಸ್ವಂತ ಗೈಡು ತಂದು ಕಂಠಪಾಠ ಮಾಡುತ್ತಾರೆ" ಎಂದು ದೂರುತ್ತಾರೆ. ದೂರುವವರ ಕಾದಂಬರಿ ಅದೇ ಕಪಾಟಿನಲ್ಲಿ ಹಾಳೆ ಕತ್ತರಿಸದೆ ಕೂತಿರುವುದೂ ಈ ಕಿರಿಕಿರಿಗೆ ಒಂದು ಕಾರಣವಿರಬಹುದು, ಹೇಳಲಾಗುವುದಿಲ್ಲ. ನನಗಂತೂ ಇದು ಗ್ರಂಥಾಲಯದ ಅತಿ ದೊಡ್ಡ ಸೇವೆ. ಹತ್ತಡಿ ಕೋಣೆಯಲ್ಲಿ ನಾಲ್ಕು ಜನ ಬಾಡಿಗೆಗಿರುವ ಹುಡುಗನಿಗೆ ಒಂದು ಮೇಜು, ಒಂದು ದೀಪ, ಸುತ್ತ ಓದುವ ಮುಖಗಳು ಸಿಕ್ಕುವುದೇ ಭಾಗ್ಯ. ಮುಂದೆ ತಹಶೀಲ್ದಾರನಾದ ಮೇಲೆ ಕಾದಂಬರಿ ಓದಲಿ ಬಿಡಿ. ಆಗ ಬಿಡುವು ಜಾಸ್ತಿ ಇರುತ್ತದೆ.

ಈ ಎಲ್ಲ ಪುಕ್ಕಟೆ ಸುಖದ ಒಳಗುಟ್ಟೊಂದಿದೆ. ಪುಕ್ಕಟೆ ಅಂತ ಆಗಲೇ ಹೇಳಿದೆನಲ್ಲ, ಅದು ಕೇಳಲು ಚೆಂದ ಅಂತ ಹೇಳಿದ್ದು. 1965ರಲ್ಲೇ ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮಾಡಿತು. ಅದರ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಸೇರುತ್ತದೆ, ಈಗ ರೂಪಾಯಿಗೆ 6 ಪೈಸೆ. ಬೆಂಗಳೂರಿನಲ್ಲಿ ಏಪ್ರಿಲ್ ಬಂದರೆ ಮನೆ ಯಜಮಾನರಿಗೆ 5 ಪರ್ಸೆಂಟ್ ರಿಯಾಯಿತಿಯ ಗಡಿಬಿಡಿ. ಹಬ್ಬ ತಪ್ಪಿದರೂ ಅದನ್ನು ತಪ್ಪಿಸುವುದಿಲ್ಲ. ಆದರೆ ತೆರಿಗೆಯ ಮೇಲೆ ಬೀಳುವ ಉಪಕರಗಳಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3 ಎಂದು ಹಂಚಿಕೆ ಇರುವುದನ್ನು ಯಾರೂ ಗಮನಿಸುವುದಿಲ್ಲ. ಓದುವವನ ಸ್ಥಾನ ರೋಗಿಗೂ ಭಿಕ್ಷುಕನಿಗೂ ಮಧ್ಯೆ ಇರುವುದು ಕಾಕತಾಳೀಯ ಅಂದುಕೊಳ್ಳೋಣ.

ನಮ್ಮ ಪಕ್ಕದ ಮನೆಯ ರಾಯರಿಗೆ ಈ ಲೆಕ್ಕ ಹೇಳಿದೆ. ಹತ್ತು ರೂಪಾಯಿಯ ಕೊತ್ತಂಬರಿ ಕೊಂಡರೆ ಕರಿಬೇವು ಕೊಸರಿಗೆ ಹಾಕಿಸಿಕೊಳ್ಳದೆ ಕದಲದ ಮನುಷ್ಯ. "ರಾಯರೇ, ನೀವು 10,000 ತೆರಿಗೆ ಕಟ್ಟಿದರೆ 600 ರೂಪಾಯಿ ಲೈಬ್ರರಿಗೆ ಹೋಗುತ್ತೆ. ವರ್ಷ ವರ್ಷ ಕಟ್ಟುತ್ತಿದ್ದೀರಿ, ಒಂದು ದಿನವಾದರೂ ಹೋಗಿದ್ದೀರಾ?" ಎಂದೆ. ಅವರ ಮುಖ ಬಿಳಿಚಿಕೊಂಡಿತು. "ಹೌದೇನ್ರೀ? ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?" ಎಂದರು. ಮರುದಿನ ಬೆಳಿಗ್ಗೆಯೇ ಹೋಗಿ ಫ್ಯಾನಿನ ನೇರ ಕೆಳಗಿನ ಕುರ್ಚಿ ಹಿಡಿದು, ಬಾಗಿಲು ಹಾಕುವವರೆಗೂ ಕೂತು ಬಂದರು. ಏನು ಓದಿದಿರಿ ಅಂದರೆ, "ಓದೋದಾ? ವಸೂಲು ಮಾಡ್ತಿದ್ದೆ" ಅಂದರು.

ಆಮೇಲೆ ಎರವಲು ಕಾರ್ಡು ಮಾಡಿಸಿದರು. ಪುಸ್ತಕ ಆರಿಸುವ ಅವರ ಕ್ರಮವೇ ಸೊಗಸು. ಹಿಂದಿನ ರಟ್ಟು ತಿರುಗಿಸಿ ಬೆಲೆ ನೋಡುವುದು, ಹೆಚ್ಚಿದ್ದದ್ದನ್ನು ಎತ್ತಿಕೊಳ್ಳುವುದು. ಹೀಗಾಗಿ ನಾಡಿನ ದಪ್ಪ ಪುಸ್ತಕಗಳೆಲ್ಲ ಅವರ ಮನೆಗೆ ಬಂದು ಹೋದವು. "ಮಲೆಗಳಲ್ಲಿ ಮದುಮಗಳು ಒಂದರಲ್ಲೇ ಅರ್ಧ ವರ್ಷದ ಕರ ವಾಪಸ್ ಬಂತು" ಎಂದು ಕಾಂಪೌಂಡಿನಾಚೆಯಿಂದ ಕೂಗಿ ಹೇಳಿದರು. ತಮಾಷೆ ಏನೆಂದರೆ, ದುಡ್ಡು ವಸೂಲಿಗೆಂದು ತಂದ ಪುಸ್ತಕವನ್ನು ಸುಮ್ಮನೆ ಇಟ್ಟುಕೊಂಡರೆ ನಷ್ಟವೆಂದು ಓದತೊಡಗಿದರು, ಓದತೊಡಗಿದ ಮೇಲೆ ಬಿಡಲಾಗಲಿಲ್ಲ. ಈಗ ಬೀದಿಯಲ್ಲಿ ಸಿಕ್ಕಿದರೆ ಕರಿಬೇವಿನ ಮಾತೇ ಇಲ್ಲ, ಮದುಮಗಳು ಕಾದಂಬರಿಯ ನಾಯಿಗುತ್ತಿಯ ಮಾತು. ಇವರಿಗೆ ತೆರಿಗೆಯ ವಿಷಯ ಯಾಕೆ ಹೇಳಿದರೋ ಎಂದು ಇಡೀ ಬೀದಿ ನನ್ನನ್ನು ಶಪಿಸುತ್ತಿದೆ.

ಪಟ್ಟಣದ ಮಾತಾಯಿತು, ಹಳ್ಳಿಯ ಲೈಬ್ರರಿ ನೋಡಿ ನಾನು ದಂಗಾಗಿದ್ದೇನೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು, ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಂತ ಶುರುಮಾಡಿ ಹಳ್ಳಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಮೊದಲು ಹಳ್ಳಿಯ ಲೈಬ್ರರಿ ಅಂದರೆ ಅರೆಗತ್ತಲಲ್ಲಿ ಒಂದು ಬೆಂಚು, ನಿನ್ನೆಯ ಪೇಪರು, ಬಾಗಿಲಲ್ಲಿ ಬೀಡಿ ಸೇದುತ್ತ ಕೂತ ಇಬ್ಬರು. ಈಗ ಎಷ್ಟೋ ಕಡೆ ಗೋಡೆಯ ತುಂಬ ಚಿತ್ರ, ಮಕ್ಕಳ ಎತ್ತರಕ್ಕೆ ಇಳಿದ ಕಪಾಟು, ಚೆಸ್ಸು, ಕೇರಮ್ಮು, ಕಂಪ್ಯೂಟರು. ಪಾಂಡವಪುರದ ಕಡೆಯ ಹಳ್ಳಿಯೊಂದರಲ್ಲಿ ಬಾಗಿಲು ದಾಟುತ್ತಿದ್ದ ನನ್ನನ್ನು ಎರಡು ಜಡೆಯ ಹುಡುಗಿಯೊಬ್ಬಳು "ತಾತಾ, ಚಪ್ಪಲಿ!" ಎಂದು ಗದರಿ ನಿಲ್ಲಿಸಿದಳು. ಚಪ್ಪಲಿ ಬಿಟ್ಟದ್ದಕ್ಕಿಂತ ತಾತ ಅನ್ನಿಸಿಕೊಂಡದ್ದು ನೋವಾಯಿತು. ನನ್ನ ಹೆಂಡತಿಗೆ ಮಾತ್ರ ಅವಳು ಆ ಕ್ಷಣದಿಂದಲೇ ಪ್ರಿಯಳಾದಳು. ಒಳಗೆ ಅಷ್ಟೂ ಮಕ್ಕಳನ್ನು ಸಂಭಾಳಿಸುತ್ತಿದ್ದ ಮೇಲ್ವಿಚಾರಕಿ, ಬರುವ ಸಂಬಳದ ಮಾತು ಬಂದಾಗ ಸುಮ್ಮನೆ ನಕ್ಕರು. ನಾವು ಕಟ್ಟುವ ಪೈಸೆಗಳು ಅವರವರೆಗೂ ಸ್ವಲ್ಪ ಬೇಗ ಬೇಗ ನಡೆದು ಹೋದರೆ ಒಳ್ಳೆಯದಿತ್ತು.

ಅದೇ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕದ ಮನೆ ಇದೆ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಸಂಬಳವನ್ನೆಲ್ಲ ಪುಸ್ತಕಕ್ಕೆ ಸುರಿದವರು. ಕಪಾಟಿಗೆ ಮೀರಿ ನೆಲದ ಮೇಲೆ, ಗೋಡೆಗೆ ಒರಗಿ, ಲಕ್ಷಗಟ್ಟಲೆ ಪುಸ್ತಕ. ಇದನ್ನು ತೋರಿಸಿ, "ನೋಡು, ನಾನು ಬರೀ ನೋಡ್ತೀನಿ, ಕೊಳ್ಳೋದಿಲ್ಲ" ಎಂದು ಹೆಂಡತಿಗೆ ಹೇಳಿದೆ. ನಮ್ಮ ಮದುವೆಯಾದಾಗಿನಿಂದ ಅವಳು ನನ್ನ ಒಂದು ಮಾತಿಗೆ ಪೂರ್ತಿಯಾಗಿ ತಲೆದೂಗಿದ್ದು ಅದೇ ಮೊದಲು.

ಎಲ್ಲ ಲೈಬ್ರರಿಯೂ ಸ್ವರ್ಗ ಅಂತ ನಾನೇನೂ ಹೇಳುತ್ತಿಲ್ಲ. ಹೆಂಗಸರು ಅರ್ಧ ದಿನ ಕೂರಬೇಕೆಂದರೆ ಶೌಚಾಲಯ ನೆಟ್ಟಗಿರಬೇಕು, ಬಹಳ ಕಡೆ ಇಲ್ಲ. ಹೊಸ ಪುಸ್ತಕ ಬರುವುದು ನಿಧಾನ. ಕೆಲವು ಕಪಾಟಿಗೆ ಬೀಗವಿರುತ್ತದೆ, ಬೀಗದ ಕೈ ಇಟ್ಟವರು ರಜೆಯಲ್ಲಿರುತ್ತಾರೆ. ಆದರೆ ಯಾರೂ ಹೋಗಿ ಕೇಳದ ಕಡೆ ಯಾರು ತಾನೇ ಸರಿಮಾಡುತ್ತಾರೆ? ನಮ್ಮ ರಾಯರಂಥ ಜಿಪುಣರು ವಾರ್ಡಿಗೆ ಹತ್ತು ಜನ ಲೈಬ್ರರಿಗೆ ನುಗ್ಗಿ, ಸಲಹಾ ಪುಸ್ತಕದಲ್ಲಿ ದಿನಕ್ಕೊಂದು ಪುಟ ಬರೆದರೆ ಫ್ಯಾನು, ನಲ್ಲಿ, ಬೀಗದ ಕೈ ಎಲ್ಲವೂ ದಾರಿಗೆ ಬರುತ್ತವೆ.

ಆದ್ದರಿಂದ ಹೋಗಿ. ವಿಳಾಸದ ದಾಖಲೆಯೊಂದನ್ನೂ ಠೇವಣಿಗೆ ಒಂದಿಷ್ಟು ದುಡ್ಡನ್ನೂ ಇಟ್ಟುಕೊಂಡು ಹೋಗಿ ಕಾರ್ಡು ಮಾಡಿಸಿ. ಪೆನ್ನನ್ನು ಮಾತ್ರ ಪದಬಂಧದಿಂದ ದೂರವಿಡಿ. ಇನ್ನೊಂದು ಮಾತು, ಸೋಮವಾರ ಹೋಗಬೇಡಿ. ನಗರದ ಗ್ರಂಥಾಲಯಗಳಿಗೆ ಅವತ್ತು ರಜೆ. ಎರಡನೇ ಮಂಗಳವಾರವೂ ರಜೆ.